ಎಂಜಿನ್ ಮನೆಯ ಮಾವ

ನಿನ್ನೆ ಸಂಜೆ ತಂಗಿಯ ಮಗ ಸತೀಶ ಇನ್ನಂಜೆಯ ನಮ್ಮ ಕುಟುಂಬದ ಮನೆಯ ಸ್ಮರಣ ಸಂಚಿಕೆಯ ಕರಡು ತಂದುಕೊಟ್ಟ. ಶಾಯಿಯ ವಾಸನೆ ಇನ್ನೂ ಹೋಗಿರಲಿಲ್ಲ. ವಯಸ್ಸಾದವರಿಗೆ ಸಭೆಯಲ್ಲಿ ಮುಂದಿನ ಕುರ್ಚಿ, ಮನೆಯಲ್ಲಿ ಪ್ರೂಫ್ ತಿದ್ದುವ ಕೆಲಸ. ಎರಡನ್ನೂ ನಾನು ಬೇಡವೆನ್ನುವುದಿಲ್ಲ. ಕಾಗುಣಿತದ ತಪ್ಪು ಹುಡುಕುತ್ತ ಹೋದವನು ನನ್ನ ಸೋದರಮಾವನ ಹೆಸರಿನ ಬಳಿ ನಿಂತೆ. ‘ಬ್ರಿಟಿಷರ ಚಿನ್ನದ ಗಣಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದರು. ಕೆಲಸದ ವೇಳೆ ನಿದ್ರಿಸಿದ್ದರಿಂದ ಊರಿಗೆ ಮರಳಿದರು.’ ಓದಿ ಮೈಯೆಲ್ಲ ಉರಿಯಿತು.

ನೀವು ಮಾವನನ್ನು ನೋಡಬೇಕಿತ್ತು. ಗಣಿಯ ಆಳದ ನೀರನ್ನು ಹಗಲೂ ರಾತ್ರಿ ಮೇಲೆತ್ತುವ ಉಗಿಯ ಎಂಜಿನ್, ಅದಕ್ಕೆಂದೇ ಕಟ್ಟಿದ ಕಲ್ಲಿನ ಕಟ್ಟಡ. ಅದನ್ನು ಅವರು ಎಂಜಿನ್ ಮನೆ ಎನ್ನುತ್ತಿದ್ದರು. “ನಮ್ಮ ಮನೆಗಿಂತ ಚೊಕ್ಕ, ನೆಲದ ಮೇಲೇ ಅನ್ನ ಬಡಿಸಿ ಉಣ್ಣಬಹುದು” ಎಂದು ಅತ್ತೆಯ ಎದುರೇ ಹೇಳಿ ಬೈಸಿಕೊಳ್ಳುತ್ತಿದ್ದರು. ಊರಿಗೆ ಬಂದ ಮೇಲೂ ಮಧ್ಯಾಹ್ನ ಒಂದು ಗಳಿಗೆ ಅಡ್ಡಾದವರಲ್ಲ. ಆದರೂ ಊರು ಅವರನ್ನು ‘ನಿದ್ದೆಯ ಎಂಜಿನಿಯರು’ ಎಂದೇ ಕರೆಯಿತು. ಮಾವ ಯಾರನ್ನೂ ತಿದ್ದಲು ಹೋಗಲಿಲ್ಲ.

ಕಾಲೇಜು ಸೇರಿದ ಹೊಸತರಲ್ಲಿ ನನಗೆ ನಾಲಗೆ ಸ್ವಲ್ಪ ಉದ್ದ. ಈಗಲೂ ಹಾಗೆಯೇ ಎಂದು ಮನೆಯವಳ ದೂರು. ಒಂದು ದಿನ ಕೇಳಿಯೇಬಿಟ್ಟೆ. “ಮಾವ, ಅಷ್ಟು ದೊಡ್ಡ ಸದ್ದಿನಲ್ಲಿ ನಿಮಗೆ ನಿದ್ದೆ ಹೇಗೆ ಬಂತು?”

ಅವರು ಗದರಲಿಲ್ಲ. “ನಿದ್ದೆ ಎಂತದ್ದು ಮಾರಾಯ. ಎಣ್ಣೆ ಹಾಕುವವನ ಅಂಗಿಯ ತೋಳು ಚಕ್ರಕ್ಕೆ ಸಿಕ್ಕಿತ್ತು, ಅವನನ್ನೇ ಎಳೆಯುತ್ತಿತ್ತು. ಉಗಿ ಬಂದ್ ಮಾಡಿದೆ. ಒಮ್ಮೆ ನಿಂತರೆ ಅದು ಬೇಗ ಏಳುವ ಜಾತಿಯಲ್ಲ. ನೀರು ಏರಿತು. ಕೆಳಗಿದ್ದವರೆಲ್ಲ ಮೇಲೆ ಬಂದರು, ಗಣಿ ಕೆಲಸ ನಿಂತಿತು.”

“ಹಾಗೆಂದು ದೊರೆಗೆ ಹೇಳಬಹುದಿತ್ತು, ಅಲ್ವಾ?”

“ಚಕ್ರ ತಿರುಗುವಾಗ ಅದರ ಬೇಲಿ ದಾಟಬಾರದೆಂದು ನಿಯಮ ಉಂಟು, ಅವನು ದಾಟಿದ್ದ. ಹೇಳಿದ್ದರೆ ಅವನ ಕೆಲಸ ಹೋಗುತ್ತಿತ್ತು. ಅವನಿಗೆ ಮೂರು ಸಣ್ಣ ಮಕ್ಕಳು. ನನಗಾದರೆ ಊರಲ್ಲಿ ಗದ್ದೆ ಉಂಟಲ್ಲ. ನಿದ್ದೆ ಬಂತು, ಎಂಜಿನ್ ನಿಂತದ್ದು ಗೊತ್ತಾಗಲಿಲ್ಲ ಎಂದೆ.” ಆಮೇಲೆ ನನ್ನ ಮುಖ ನೋಡಿ, “ಅವನ ಹೆಸರು ಕೇಳಬೇಡ. ಯಾರಲ್ಲಿಯೂ ಹೇಳಲೂ ಬೇಡ” ಎಂದರು.

ನಾನು ಹೇಳಲಿಲ್ಲ. ಮಾತು ಉಳಿಸಿಕೊಂಡೆನೆಂದು ಒಳಗೊಳಗೇ ಬೀಗಿದ್ದೂ ಉಂಟು. ನಿಜವೇನೆಂದರೆ, ಅವರನ್ನು ಗೇಲಿ ಮಾಡುವವರ ಜೊತೆ ಕೂತು ಚಹಾ ಕುಡಿಯುವುದಕ್ಕೆ ಆ ಮೌನ ನನಗೆ ಅನುಕೂಲವಾಗಿತ್ತು. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಮಾವ ಹೋಗಿ ಬಹಳ ವರ್ಷವಾಯಿತು, ಗಣಿಯೂ ಮುಚ್ಚಿತು. ಆ ಎಣ್ಣೆ ಹಾಕುವವನ ಕೆಲಸವನ್ನು ಈಗ ಯಾರೂ ಕಿತ್ತುಕೊಳ್ಳಲಾರರು.

ಇವತ್ತು ಬೆಳಿಗ್ಗೆ ಸತೀಶನಿಗೆ ಫೋನ್ ಮಾಡಿ, ಮಾವ ನಿದ್ರಿಸಿದರೆಂಬ ಸಾಲು ತಪ್ಪು ಎಂದೆ.

“ಊರೆಲ್ಲ ಹೇಳುವುದು ಹಾಗೆಯೇ ಅಲ್ವಾ?” ಎಂದ. “ಬೇಡವಾದರೆ ಆ ಸಾಲು ತೆಗೆಯುತ್ತೇನೆ.”

“ತೆಗೆಯಬೇಡ, ತಿದ್ದು. ಒಬ್ಬನ ಜೀವ ಉಳಿಸುವುದಕ್ಕೆ ಎಂಜಿನ್ ನಿಲ್ಲಿಸಿದರು ಎಂದು ಬರೆ.”

“ಯಾರ ಜೀವ?”

“ಅದು ನನಗೂ ಗೊತ್ತಿಲ್ಲ. ಇನ್ನೊಂದು ಸಾಲು ಸೇರಿಸು. ಎಚ್ಚರವಿದ್ದೇ ನಿಲ್ಲಿಸಿದರು.”