ಸೈಲೆನ್ಸರಿಗೆ ಸುತ್ತಿದ ಪಟ್ಟಿ

ಮೊದಲು ಮೂಗಿಗೆ ಬಡಿದದ್ದು ಕೂದಲು ಸುಟ್ಟ ವಾಸನೆ. ಮಾಸ್ತರು ಗಾಡಿ ಚಾಲೂ ಇಟ್ಟುಕೊಂಡೇ ನನ್ನ ರಿಪೇರಿ ಅಂಗಡಿಯ ಮುಂದೆ ನಿಂತು ಯಾರದೋ ಅರ್ಜಿಯ ವಿಷಯ ಹೇಳುತ್ತಿದ್ದರು, ಮುಖದ ತುಂಬ ನಗು. ಬಗ್ಗಿ ನೋಡಿದೆ. ಅವರ ಬಲಗಾಲು ಎಂಜಿನ್ನಿನಿಂದ ಕೆಳಗಿಳಿಯುವ ಸೈಲೆನ್ಸರ್ ಪೈಪಿಗೆ ಒರಗಿತ್ತು. ಪ್ಯಾಂಟಿನ ಬಟ್ಟೆ ಕರಗಿ ಮೀನಖಂಡಕ್ಕೆ ಅಂಟಿತ್ತು. ಎರಡೂ ಕೈಯಿಂದ ಕಾಲನ್ನೆತ್ತಿ ಈಚೆಗಿಟ್ಟೆ. "ಸುಟ್ಟಾದೇನು?" ಎಂದರು. ಬೇರೆ ಯಾರದೋ ಕಾಲಿನ ಸುದ್ದಿ ಕೇಳಿದ ಹಾಗಿತ್ತು.

ಸುರಪುರದಲ್ಲಿ ಅವರನ್ನು ಎಲ್ಲರೂ ಅರ್ಜಿ ಮಾಸ್ತರು ಎನ್ನುತ್ತಿದ್ದರು. ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಹರೆಯದಲ್ಲಿ ಗೌಂಡಿಯಾಗಿ ಮನೆ ಕಟ್ಟುವಾಗ ಸಾರವೆಯ ಮೇಲಿಂದ ಬಿದ್ದು ಬೆನ್ನಿಗೆ ಪೆಟ್ಟಾಗಿತ್ತು. ಎಡಗಾಲು ಹೇಗೋ ಉಳಿಯಿತು. ಬಲಗಾಲಿನಲ್ಲಿ ಶಕ್ತಿಯೂ ಹೋಯಿತು, ಸ್ಪರ್ಶವೂ ಹೋಯಿತು. ಆಮೇಲೆ ತಾಲ್ಲೂಕು ಕಚೇರಿಯ ಹೊರಗೆ ಬೇವಿನ ಗಿಡದ ಕೆಳಗೆ ಕುಳಿತು ಜನರಿಗೆ ಅರ್ಜಿ ಬರೆದುಕೊಡತೊಡಗಿದರು. ಹಿಂದಿನ ಚಕ್ರದ ಎರಡೂ ಕಡೆ ಸಣ್ಣ ಗಾಲಿ ಜೋಡಿಸಿದ ಹಳೆಯ ಮೋಟರ್‌ಸೈಕಲ್ಲಿನ ಮೇಲೆ ರಂಗಂಪೇಟೆಯಿಂದ ದಿನಾ ಬರುತ್ತಿದ್ದರು. ಗಾಲಿ ಕೂಡಿಸಿದವರು ಅವನ್ನು ಹಿಡಿದ ಸರಳುಗಳಿಗೆ ಅಡ್ಡ ಬರುತ್ತದೆಂದು ಪೈಪಿನ ಮೇಲಿನ ತಗಡಿನ ಕವಚವನ್ನು ಕಿತ್ತುಹಾಕಿದ್ದರು.

ಅರ್ಜಿಯಲ್ಲಿ ಸುಳ್ಳು ಬರೆಯುತ್ತಿರಲಿಲ್ಲ. ಒಮ್ಮೆ ಒಬ್ಬ ಹೆಣ್ಣುಮಗಳು ರೇಷನ್ ಕಾರ್ಡಿಗಾಗಿ ಬಂದು, ಮೂರು ದಿನದಿಂದ ಊಟವಿಲ್ಲ ಎಂದು ಬರೆಯಿರಿ ಅಂದಳು. ಮುಂಜಾನೆ ಏನು ತಿಂದಿ ಎಂದು ಇವರು ಕೇಳಿದರು. ಒಂದು ರೊಟ್ಟಿ ಅಂದಳು. "ಹಂಗಾದ್ರ ಒಂದ್ ರೊಟ್ಟಿ ಅಂತೇ ಬರೀತೀನವ್ವ. ಓದಾವ್ರಿಗಿ ಅದೇ ಹೆಚ್ಚು ನಾಟ್ತದ" ಎಂದು ಹಾಗೆಯೇ ಬರೆದರು. ಕಾರ್ಡು ಬಂತು.

ನನ್ನ ಅಂಗಡಿ ನಿಂತಿರುವುದೂ ಅವರಿಂದಲೇ. ರಸ್ತೆ ಅಗಲ ಮಾಡುವಾಗ ನನ್ನ ತಗಡಿನ ಶೆಡ್ಡನ್ನು ಕೀಳಬೇಕೆಂದು ನೋಟಿಸು ಬಂದಿತ್ತು. ಆಗ ಮನೆಯಲ್ಲಿ ಆರು ತಿಂಗಳ ಮಗು. ಅವರು ಅರ್ಜಿ ಬರೆದುಕೊಟ್ಟು ಸುಮ್ಮನಾಗಲಿಲ್ಲ, ಊರುಗೋಲು ಹಿಡಿದು ನನ್ನ ಜೊತೆ ಕಚೇರಿಯ ಮೆಟ್ಟಿಲು ಹತ್ತಿದರು. ಸಾಹೇಬರು ಪೂರ್ತಿ ಓದುವ ತನಕ ಬಾಗಿಲು ಬಿಟ್ಟು ಕದಲಲಿಲ್ಲ. ಶೆಡ್ಡಿಗೆ ಇಪ್ಪತ್ತು ಹೆಜ್ಜೆ ಹಿಂದಕ್ಕೆ ಜಾಗ ಸಿಕ್ಕಿತು.

ಅಂಥವರ ಕಾಲು ನನ್ನ ಕಣ್ಣೆದುರೇ ಸುಟ್ಟಿತ್ತು. ಆ ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಗಾಡಿ ಬಿಟ್ಟುಬಿಡಿ ಎಂದರೆ, ಬಿಟ್ಟರೆ ಮನೆಯೊಳಗೇ ಕೂರಬೇಕಾಗುತ್ತದೆ ಎಂದರು. ಹೊಸ ಕವಚ ಕೂಡಿಸಲು ನೋಡಿದೆ, ಸರಳುಗಳು ಬಿಡಲಿಲ್ಲ. ಕೊನೆಗೆ ಶಹಾಪುರದ ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ಶಾಖ ತಡೆಯುವ ಪಟ್ಟಿಯ ಒಂದು ಸುರುಳಿ ತಂದೆ. ಹುಡುಗರು ಚಂದಕ್ಕಾಗಿ ಸೈಲೆನ್ಸರಿಗೆ ಸುತ್ತಿಸಿಕೊಳ್ಳುವ ಪಟ್ಟಿಯೇ ಅದು, ಗಾಜಿನ ನೂಲಿನಿಂದ ನೇಯ್ದದ್ದು. ನೀರಿನಲ್ಲಿ ನೆನೆಸಿ, ಬಿಗಿಯಾಗಿ ಸುತ್ತಿ, ಉಕ್ಕಿನ ಕ್ಲಿಪ್ಪುಗಳಿಂದ ಬಿಗಿದೆ. ಮೊದಲ ಸಲ ಚಾಲೂ ಮಾಡಿದಾಗ ದಟ್ಟ ಹೊಗೆ ಬಂತು, ಆಮೇಲೆ ನಿಂತಿತು. ಅವರು ಅದರ ಮೇಲೆ ಅಂಗೈ ಇಟ್ಟು ನೋಡಿ, "ಈಗ ಬೆಚ್ಚಗ ಅದ ಅಷ್ಟೇ" ಎಂದರು. ಆ ದಿನ ನನಗಾದ ಸಂತೋಷ ಹೇಳತೀರದು.

ಆ ಪಟ್ಟಿಯಲ್ಲಿ ಒಂದು ದೋಷವಿದೆ, ಅದು ನನಗೆ ಗೊತ್ತಿತ್ತು. ಮಳೆಯ ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಒಳಗೆ ಪೈಪು ತುಕ್ಕು ತಿನ್ನುತ್ತದೆ. ನಡುನಡುವೆ ಬಿಚ್ಚಿ ನೋಡಬೇಕು. ಮಳೆಗಾಲವಿಡೀ ಅವರು ಅದೇ ಗಾಡಿಯ ಮೇಲೆ ಓಡಾಡಿದರು. ನಾನು ಒಮ್ಮೆಯೂ ಬಿಚ್ಚಲಿಲ್ಲ.

ಒಂದು ಬುಧವಾರ ಅಂಗಡಿಯ ಮುಂದೆ ಬಂದು ನಿಂತರು. ನಾನು ನಾಲ್ಕು ಗಾಡಿ ಬಿಚ್ಚಿ ಹರಡಿಕೊಂಡಿದ್ದೆ.

"ಮೇಸ್ತ್ರಿ, ಗಾಡಿ ಸಪ್ಪಳ ಬ್ಯಾರೆ ಆಗ್ಯಾದ. ಪಟ್ಟಿ ಬಿಚ್ಚಿ ನೋಡ್ತಿಯೇನು?"

"ಸೋಮವಾರ ಬರ್ರಿ ಮಾಸ್ತರ್ರ, ನೋಡಮು" ಎಂದೆ, ತಲೆ ಎತ್ತದೆ. ಆಗಲಿ ಎಂದು ಹೋದರು.

ಸೋಮವಾರ ಬರಲಿಲ್ಲ. ಸಂಜೆ ಅವರ ಮನೆಗೆ ಹೋದೆ. ಬಾಗಿಲಿಗೆ ಬೀಗ. ಯಾದಗಿರಿ ದವಾಖಾನೆಗೆ ಕರೆದೊಯ್ದಿದ್ದಾರೆಂದು ನೆರೆಯವರು ಹೇಳಿದರು, ಕಾಲು ಕಪ್ಪಗಾಗಿದೆಯಂತೆ. ಗಾಡಿ ಅಂಗಳದಲ್ಲಿತ್ತು. ಅಲ್ಲೇ ಕುಳಿತು ಪಟ್ಟಿ ಬಿಚ್ಚಿದೆ. ಪೈಪಿನ ತುಕ್ಕು ನನ್ನ ಕೈಯಲ್ಲೇ ಪುಡಿಯಾಗಿ ಉದುರಿತು. ಕಾಲಿನ ಬದಿಗೆ ಎರಡು ಬೆರಳುದ್ದ ಸೀಳಿತ್ತು. ಎಂಜಿನ್ನಿನ ಬೆಂಕಿಯಂಥ ಗಾಳಿ ಆ ಸೀಳಿನಿಂದ ಪಟ್ಟಿಯ ಸಂದಿಯಲ್ಲಿ ಹೊರಬಂದು ನೇರ ಮೀನಖಂಡಕ್ಕೆ ಹೊಡೆದಿತ್ತು.

ಆಗ ನಾನು ಮಾಡಿದ್ದನ್ನು ಹೇಳಲು ಇಂದಿಗೂ ನಾಚಿಕೆ. ಗಾಡಿಯನ್ನು ಅಂಗಡಿಗೆ ತಳ್ಳಿಕೊಂಡು ಹೋಗಿ ಹೊಸ ಪೈಪು ಹಾಕಿದೆ. ಹಳೆಯದನ್ನು ಗುಜರಿ ರಾಶಿಯ ತಳಕ್ಕೆ ತುರುಕಿದೆ.

ಮರುದಿನ ಯಾದಗಿರಿಗೆ ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಜ್ವರದಲ್ಲಿ ಅವರ ತುಟಿ ಒಣಗಿತ್ತು. ನಾನು ಬಾಯಿ ತೆರೆಯುವ ಮೊದಲೇ, "ನಾನೇ ಕಾಲ್ ಸರಿಯಾಗಿ ನೋಡ್ಕೊಳ್ಳಲಿಲ್ಲ ಮೇಸ್ತ್ರಿ" ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಅಷ್ಟೇ. ಆ ತಲೆಯಾಡಿಸಿದ್ದನ್ನು ಎಷ್ಟು ಸಲ ನೆನೆದಿದ್ದೇನೋ ಲೆಕ್ಕವಿಲ್ಲ.

ನಂಜು ಎಲುಬಿಗೆ ಇಳಿದಿತ್ತು. ಕಲಬುರಗಿಗೆ ಒಯ್ದು ಮೊಣಕಾಲಿನ ಮೇಲಕ್ಕೆ ಕತ್ತರಿಸಿದರು. ರಕ್ತ ಬೇಕೆಂದಾಗ ನಾನು ಕೊಟ್ಟೆ, ಪರಿಚಯದವರನ್ನೆಲ್ಲ ಎಳೆದುಕೊಂಡು ಹೋದೆ, ಅಂಗಡಿಯ ಕಡೆ ತಿರುಗಿ ನೋಡಲಿಲ್ಲ. ನನ್ನ ದೇಹದಿಂದ ಏನು ಕೇಳಿದರೂ ಕೊಡುತ್ತಿದ್ದೆ, ತಪ್ಪು ನನ್ನದೆಂಬ ಎರಡು ಮಾತು ಮಾತ್ರ ಹೊರಡಲಿಲ್ಲ. ನಂಜು ರಕ್ತಕ್ಕೆ ಏರಿತು. ಇಪ್ಪತ್ತೆರಡನೆಯ ದಿನ ಮಧ್ಯಾಹ್ನ ಅವರು ತೀರಿಕೊಂಡರು.

ಹದಿನೈದು ದಿನದ ಮೇಲೆ ಅವರ ಹೆಂಡತಿ ಗಾಡಿ ಒಯ್ಯಲೆಂದು ಅಂಗಡಿಗೆ ಬಂದರು. ನಾನು ಗುಜರಿ ರಾಶಿ ಕೆದರಿ ಹಳೆಯ ಪೈಪನ್ನು ತೆಗೆದು ಅವರ ಮುಂದಿಟ್ಟೆ. ಬುಧವಾರ ಬಂದಿದ್ದು, ನಾನು ತಿರುಗಿ ಕಳಿಸಿದ್ದು, ಪೈಪು ಮುಚ್ಚಿಟ್ಟಿದ್ದು ಎಲ್ಲ ಹೇಳಿದೆ. ಅವರು ಆ ಸೀಳಿನ ಮೇಲೆ ಬೆರಳಾಡಿಸಿದರು.

"ಅವರಿಗಿ ಗೊತ್ತಿತ್ತು ತಮ್ಮ" ಎಂದರು ಆಮೇಲೆ. ಗುರುವಾರವೇ ಪೈಪಿನ ಬಿಸಿಗಾಳಿ ಅವರ ಕೈಗೆ ತಾಕಿತ್ತಂತೆ. ಸರಕಾರಿ ಕಾಗದದಲ್ಲಿ ಸತ್ತವಳೆಂದು ಬರೆದುಹೋಗಿದ್ದ ಒಬ್ಬ ಮುದುಕಿಯ ಪಿಂಚಣಿಗಾಗಿ ಅಂದಿನಿಂದ ಮೂರು ದಿನ ಶಹಾಪುರಕ್ಕೆ ಹೋಗಲೇಬೇಕಿತ್ತು. ಟವೆಲನ್ನು ಮಡಚಿ ಕಾಲಿಗೂ ಪೈಪಿಗೂ ನಡುವೆ ಇಟ್ಟುಕೊಂಡು ಹೋದರು. ಟವೆಲು ಎಲ್ಲಿ ಜಾರಿತೋ ಕಾಲಿಗೆ ತಿಳಿಯಲಿಲ್ಲ.

"ಮೇಸ್ತ್ರಿ ಮುಂದ ಪೈಪಿನ ಮಾತು ತೆಗಿಬ್ಯಾಡ, ಅಂವ ಅಂಗಡಿ ಮುಚ್ಚಿಬಿಡ್ತಾನ ಅಂದಿದ್ರು. ನೀನಾಗೇ ತೆಗದಿ, ಅದಕ್ಕ ಹೇಳೀನಿ."

ನಾನು ನಿಜವಾಗಿಯೂ ಅಂಗಡಿ ಮುಚ್ಚಬೇಕೆಂದೇ ಆ ವಾರ ನಿರ್ಧರಿಸಿದ್ದೆ. ಹೆಂಡತಿಗೂ ಹೇಳಿರಲಿಲ್ಲ. ದವಾಖಾನೆಯ ಮಂಚದ ಮೇಲೆ ಜ್ವರದಲ್ಲಿ ಮಲಗಿ ಅವರು ಅದನ್ನು ನನಗಿಂತ ಮೊದಲೇ ಓದಿಕೊಂಡಿದ್ದರು. ಮರುದಿನ ಮುಂಜಾನೆ ಅಂಗಡಿಗೆ ಹೋದೆ. ಬಾಗಿಲು ತೆಗೆಯಲು ಕೈ ಬರಲಿಲ್ಲ. ಹೊರಗೆ ಕಲ್ಲಿನ ಮೇಲೆ ಕುಳಿತು ಅತ್ತೆ, ಮೊದಲ ಗಿರಾಕಿ ಬರುವ ತನಕ. ಆಮೇಲೆ ಎದ್ದು ಬಾಗಿಲು ತೆಗೆದೆ.