ಅಣ್ಣನ ಕಾಗದ

ನೈಲ್ ದಂಡೆಯ ನಮ್ಮೂರಲ್ಲಿ ಘೊಬಾಶಿ ಕಬ್ಬು ಕಡಿಯುವವನು. ಮೂಗಿನ ತುದಿಯಲ್ಲೇ ಕೋಪ. ಕೊಲೆ ಮಾಡಿದ ಹದಿನೇಳರ ಹುಡುಗನಿಗೆ ಶಿಕ್ಷೆ ಕಡಿಮೆಯಾಯಿತೆಂದು ಚಹಾ ಅಂಗಡಿಯ ಟಿವಿಯಲ್ಲಿ ಹೇಳಿದ ದಿನ ಅವನು ಲೋಟ ಕುಕ್ಕಿದ್ದ.

"ಕೊಲ್ಲೋಕೆ ವಯಸ್ಸಾಗಿದೆ, ಶಿಕ್ಷೆಗೆ ಮಾತ್ರ ಆಗಿಲ್ವಾ? ಹದಿನೆಂಟಂತೆ, ಹದಿನೆಂಟು. ಆ ಕಾನೂನು ಬದಲಾಯಿಸ್ರಪ್ಪಾ."

ನಾವೆಲ್ಲ ತಲೆಯಾಡಿಸಿದೆವು. ನಾನೂ.

ಅವನ ಮೊದಲ ಮಗ ರಿಫಾತ್ ಎರಡು ವರ್ಷದವನಿದ್ದಾಗ ಜ್ವರದಿಂದ ತೀರಿಕೊಂಡಿದ್ದ. ಅದೇ ತಿಂಗಳು ಇನ್ನೊಂದು ಗಂಡುಮಗು ಹುಟ್ಟಿತು.

"ಸಾವು ಬರೆಸೋಕೆ ಒಂದ್ಸಲ, ಹುಟ್ಟು ಬರೆಸೋಕೆ ಒಂದ್ಸಲ ಪಟ್ಟಣಕ್ಕೆ ಯಾಕಪ್ಪಾ ಅಲೀತೀಯ? ಅದೇ ಹೆಸರಿಡು, ಅವನ ಹುಟ್ಟಿನ ಕಾಗದಾನೇ ಇವನಿಗೂ ನಡೆಯುತ್ತೆ. ಶಾಲೆಗೂ ಬೇಗ ಸೇರ್ತಾನೆ," ಎಂದಳು ಸೂಲಗಿತ್ತಿ. ನಮ್ಮಲ್ಲಿ ಹಾಗೆ ಮಾಡಿದವರು ಬೇಕಾದಷ್ಟು ಜನ.

ಈ ಎರಡನೆಯ ರಿಫಾತ್ ಹದಿನಾರರಲ್ಲಿ, ಕಾಲುವೆ ನೀರಿನ ಜಗಳದಲ್ಲಿ, ಪಕ್ಕದ ಹೊಲದವನ ತಲೆಗೆ ಗುದ್ದಲಿಯಿಂದ ಹೊಡೆದ. ಆತ ಅಲ್ಲೇ ಸತ್ತ. ಕಾಗದದ ಪ್ರಕಾರ ಹುಡುಗನಿಗೆ ಹದಿನೆಂಟು ತುಂಬಿ ಎರಡು ತಿಂಗಳಾಗಿತ್ತು.

ನ್ಯಾಯಾಲಯದಲ್ಲಿ ಘೊಬಾಶಿ ಗೋಗರೆದ. "ಸ್ವಾಮಿ, ಅದು ಇವನ ಅಣ್ಣನ ಕಾಗದ. ಇವನಿನ್ನೂ ಹುಡುಗ."

"ಅಣ್ಣ ಸತ್ತಿದ್ದಕ್ಕೆ ದಾಖಲೆ ಎಲ್ಲಿ?" ಎಂದರು ನ್ಯಾಯಾಧೀಶರು.

ಇರಲಿಲ್ಲ. ಇಪ್ಪತ್ತೈದು ವರ್ಷ ಜೈಲಾಯಿತು.

ಈಗ ಆ ಕಾನೂನಿನ ಮಾತು ಬಂದರೆ ಘೊಬಾಶಿ ಲೋಟವನ್ನು ಮೆಲ್ಲಗೆ ಕೆಳಗಿಡುತ್ತಾನೆ. ಮೊನ್ನೆ ನನ್ನೊಬ್ಬನಿಗೇ ಹೇಳಿದ: "ಕಾನೂನು ಬದಲಾಯಿಸಿ ಅಂತ ಕೂಗ್ತಿದ್ದೆ. ನನ್ನ ಮಗನ ಪಾಲಿಗೆ ನಾನು ಅದನ್ನ ಅವನು ಹುಟ್ಟಿದ ದಿನಾನೇ ಬದಲಾಯಿಸಿಬಿಟ್ಟಿದ್ದೆ ಕಣೋ."