ಅತ್ತೆಗೆ ಹೇಳದೆ ಉಳಿದ ಅರ್ಧ ಸಿನಿಮಾ

ನಿನ್ನೆ ಟೀವಿಯಲ್ಲಿ ಹಳೆಯ ಕಾದಂಬರಿಗಳ ನಾಯಕರೆಲ್ಲ ಒಟ್ಟಾಗಿ ಲೋಕ ಉಳಿಸುವ ಸಿನಿಮಾ ಬರುತ್ತಿತ್ತು. ನನ್ನ ಮೂಗಿಗೆ ಮಾತ್ರ ಹಳೆಯ ಟೆಂಟ್ ಸಿನಿಮಾದ ಬೀಡಿ ಹೊಗೆ ಬಡಿಯಿತು.

ನಾನು ಹುಡುಗನಾಗಿದ್ದಾಗ ಶಿಕಾರಿಪುರ ಮುಗಿಸಿ ಸೊರಬಕ್ಕೆ ಬಂದಿದ್ದ ಟೆಂಟದು. ಚಿತ್ರದಲ್ಲಿ ಒಂದು ಪುರಾಣದ ಬಿಲ್ಲುಗಾರ, ಇನ್ನೊಂದರ ಗದೆಗಾರ, ಇಬ್ಬರೂ ಒಂದೇ ಹಡಗು ಹತ್ತಿದ್ದರು. ಯುಗ ಬೇರೆ, ಜಗ ಬೇರೆ, ಜಗಳ ಮಾತ್ರ ಒಂದೇ.

ನನ್ನನ್ನು ಗುಟ್ಟಾಗಿ ಕಳಿಸಿದವಳು ಸೋದರತ್ತೆ. ಎಳೆಯ ವಯಸ್ಸಿಗೇ ವಿಧವೆಯಾಗಿ, ತಲೆ ಬೋಳಿಸಿ ಕೆಂಪು ಸೀರೆ ಉಟ್ಟಿದ್ದ ಅವಳು ಟೆಂಟಿನ ಹತ್ತಿರ ಸುಳಿಯುವಂತಿರಲಿಲ್ಲ. ಸಂಜೆ ಅಜ್ಜ ಜಗಲಿಯಲ್ಲಿ ಪುರಾಣ ಓದುವಾಗ ನಡುಬಾಗಿಲ ಹಿಂದೆ ಕೂತು ಕೇಳುವುದೊಂದೇ ಅವಳ ಸುಖ. ಅಕ್ಕಿ ಆರಿಸುತ್ತಾ ನನ್ನಿಂದ ಅರ್ಧ ಕತೆ ಕೇಳಿ, "ಉಳಿದಿದ್ದು ನಾಳೆ ಹೇಳೋ" ಅಂದಿದ್ದಳು.

ಅವತ್ತೇ ಸಂಜೆ ಅದೇ ಗದೆಗಾರನ ಪುರಾಣ ಓದುತ್ತಿದ್ದ ಅಜ್ಜ ನಡುವೆ ನಿಲ್ಲಿಸಿ ನನ್ನ ಕಡೆ ತಿರುಗಿದರು. "ಗದೆಗಾರನ್ನ ಸೆರೆಯಿಂದ ಬಿಡಿಸಿದ್ದು ಯಾರೋ?"

"ಬಿಲ್ಲುಗಾರ. ಹಡಗಲ್ಲಿ ಬಂದು."

ಜಗಲಿಯವರೆಲ್ಲ ನಕ್ಕರು. ಅಜ್ಜ ನಗಲಿಲ್ಲ.

"ಯಾವ ಪುರಾಣದಲ್ಲಿದೆ ಅದು?"

"ಟೆಂಟಲ್ಲಿ ನೋಡಿದ್ದು. ಅತ್ತೆ ಕಳಿಸಿದ್ರು."

ನನಗೆ ಬೈಗುಳವೂ ಬೀಳಲಿಲ್ಲ, ಗಂಡು ಹುಡುಗನಲ್ಲವೇ. ಮರುದಿನದಿಂದ ಓದು ಶುರುವಾಗುವ ಮೊದಲು ಅಜ್ಜನೇ ಎದ್ದು ನಡುಬಾಗಿಲು ಮುಚ್ಚಿ ಚಿಲಕ ಹಾಕುತ್ತಿದ್ದರು.

ಅಡುಗೆಮನೆಗೆ ಹೋಗಿ ಕೇಳಿದೆ, "ಅತ್ತೆ, ಉಳಿದ ಕತೆ ಹೇಳ್ಲಾ?"

"ಬೇಡ ಮಗಾ. ನೀನು ಕೇಳಿದವರಿಗೆಲ್ಲ ಹೇಳ್ತೀಯ."

ಮತ್ತೆಂದೂ ಅವಳು ನನ್ನಿಂದ ಕತೆ ಕೇಳಲಿಲ್ಲ.

ನಿನ್ನೆ ನಾನು ಟೀವಿ ಸಿನಿಮಾದ ನಡುವೆಯೇ ಎದ್ದೆ. "ಇನ್ನೂ ಮುಗಿದಿಲ್ಲ, ಕೂತ್ಕೊಳ್ಳಿ ಅಜ್ಜ" ಅಂದಳು ಮೊಮ್ಮಗಳು.

ನನಗೆ ಅರ್ಧವೇ ಸಾಕು ಅಂದೆ.